ಬಲಿಯಲಿ ಎಂದು ಬಿಟ್ಟ ಕಣ್ಣು

ಜಯನಗರ

ಲಂಡನ್ನಿಗೆ ಹೋಗಿ ಬಂದವರನ್ನು ಜನ ಕೇಳುವುದು ಮೂರೇ ವಿಷಯ: ಚಳಿ, ಊಟ, ರಾಣಿಯ ಅರಮನೆ. ಚಳಿ ಇತ್ತು. ಊಟ ಇರಲಿಲ್ಲ. ಅರಮನೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ, ಅದೂ ಅರ್ಧ. ಉಳಿದರ್ಧಕ್ಕೆ ಒಂದು ಲಾರಿ ಅಡ್ಡ ನಿಂತಿತ್ತು. ಇಷ್ಟು ಸಾಕು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು, ನನಗೇನೂ ಬೇಸರವಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಆಗ ಕುರುಡುತನ ತಡೆಯುವ ಕಾರ್ಯಕ್ರಮದ ಕಚೇರಿಯೊಂದರಲ್ಲಿ ಅಂಕಿ ಅಂಶ ನೋಡಿಕೊಳ್ಳುತ್ತಿದ್ದೆ. ಕಾರ್ಯಕ್ರಮ ಎಂದರೆ ಪೊರೆ ಆಪರೇಷನ್, ಅಷ್ಟೇ. ವರ್ಷಕ್ಕೊಂದು ಗುರಿ ಕೊಡುತ್ತಿದ್ದರು. ಗುರಿ ಮುಟ್ಟಿದವರಿಗೆ ಶಹಬ್ಬಾಸ್, ಮುಟ್ಟದವರಿಗೆ ನೋಟೀಸು. ಬೇರೆ ಕಾರಣಕ್ಕೆ ಕಣ್ಣು ಕಳೆದುಕೊಂಡವರು ನಮ್ಮ ಯಾವ ಕಾಲಮ್ಮಿಗೂ ಸೇರುತ್ತಿರಲಿಲ್ಲ. ದೇಶಕ್ಕೆಲ್ಲ ಹೊಸ ಯೋಜನೆಯೊಂದರ ಕರಡು ತಯಾರಾಗುತ್ತಿತ್ತು. ನಮ್ಮ ಸಾಹೇಬರು ಆ ಕರಡು ಸಮಿತಿಯಲ್ಲಿದ್ದರು. ಲಂಡನ್ನಿನಲ್ಲಿ ಬೇರೆ ಬೇರೆ ದೇಶದವರು ತಮ್ಮ ತಮ್ಮ ಕರಡು ತಂದು ಚರ್ಚಿಸುವ ಸಭೆಗೆ ಅವರು ಹೊರಟಾಗ, ಅಂಕಿ ಕೇಳಿದರೆ ಹೇಳಲು ಮತ್ತು ಸ್ಲೈಡ್ ಬದಲಿಸಲು ನನ್ನನ್ನೂ ಕರೆದುಕೊಂಡು ಹೋದರು.

ಮನೆಯಲ್ಲಿದ್ದವರು ಅಕ್ಕ ಮತ್ತು ನಾನು. ಅಕ್ಕ ರುಕ್ಮಿಣಿ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಪುಸ್ತಕ ನೋಡದೆ, ಸೀಮೆಸುಣ್ಣವನ್ನು ಬೋರ್ಡಿನಿಂದ ಒಮ್ಮೆಯೂ ಎತ್ತದೆ ಇಡೀ ಯುರೋಪು ಬರೆಯುತ್ತಿದ್ದಳು. ಮದುವೆಯ ಗೊಡವೆಗೆ ನಾವಿಬ್ಬರೂ ಹೋಗಲಿಲ್ಲ. ಏಳನೇ ಬ್ಲಾಕಿನ ಒಂದು ಮಹಡಿಯಲ್ಲಿ ಬಾಡಿಗೆಗಿದ್ದು, ಒಬ್ಬರಿಗೊಬ್ಬರು ಕಾಟ ಕೊಟ್ಟುಕೊಂಡು ಸುಖವಾಗಿದ್ದೆವು.

ನಾನು ಲಂಡನ್ನಿಗೆ ಹೋಗುವ ಎರಡು ವರ್ಷ ಮೊದಲು ಅಕ್ಕನ ಬಲಗಣ್ಣು ಮಬ್ಬಾಯಿತು. ಅದೇ ಹೊತ್ತಿಗೆ ನಮ್ಮ ಕಚೇರಿಯವರು ಜಯನಗರದ ಕಲ್ಯಾಣ ಮಂಟಪವೊಂದರಲ್ಲಿ ಮಾದರಿ ಶಿಬಿರ ಇಟ್ಟುಕೊಂಡಿದ್ದರು. ಶಾಮಿಯಾನ, ಮಂತ್ರಿಗಳು, ಫೋಟೋಗ್ರಾಫರು, ಎಲ್ಲ ಇತ್ತು. ಅಕ್ಕನೂ ಹೋಗಿ ಸಾಲಿನಲ್ಲಿ ಕೂತಳು. ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಆಪರೇಷನ್ನಿಗೆ ಆರಿಸಿದವರ ಹಣೆಗೆ ಪ್ಲಾಸ್ಟರಿನ ಒಂದು ತುಂಡು ಅಂಟಿಸುತ್ತಿದ್ದರು. ಅಕ್ಕನಿಗೆ ಅಂಟಿಸಲಿಲ್ಲ. "ಪೊರೆ ಶುರುವಾಗಿದೆ ತಾಯಿ, ಇನ್ನೂ ಬಲಿತಿಲ್ಲ. ಬಲೀಲಿ, ಆಮೇಲೆ ಬನ್ನಿ" ಎಂದು ಹೇಳಿ ಒಂದು ಬಾಳೆಹಣ್ಣು ಕೊಟ್ಟು ಕಳಿಸಿದರು.

ಇದು ನಮಗೆ ಹೊಸ ಮಾತೇನಲ್ಲ. ನಮ್ಮಜ್ಜಿಯ ಕಾಲದಿಂದಲೂ ಪೊರೆ ಎಂದರೆ ಮಾವಿನಕಾಯಿಯ ಹಾಗೆ, ಎಳೆಯದನ್ನು ಕೀಳಬಾರದು. ಅಕ್ಕ ಕಾಯುತ್ತ ಕೂತಳು. ಕಾಯುವುದಲ್ಲ, ಎದುರು ನೋಡುತ್ತ ಕೂತಳು. "ಇವತ್ತು ಇನ್ನೂ ಮಬ್ಬು ಕಣೇ, ಬಲೀತಾ ಇದೆ" ಎಂದು ಕಾಫಿ ಕುಡಿಯುತ್ತ ಖುಷಿಯಿಂದ ಹೇಳುವಳು. ನಡುನಡುವೆ ಬಾಗಿಲಿಗೆ ಭುಜ ಬಡಿಸಿಕೊಳ್ಳುವಳು, ಪಕ್ಕದಲ್ಲಿಟ್ಟ ಲೋಟ ಉರುಳಿಸುವಳು. "ನೋಡ್ಕೊಂಡು ಓಡಾಡೇ" ಎಂದು ನಾನು ಗದರುವೆ. ಪಕ್ಕದ ಮನೆಯ ಪದ್ಮಾವತಮ್ಮನವರು ಬಂದರಂತೂ ಇಬ್ಬರೂ ಕೂತು ಯಾರದು ಎಷ್ಟು ಬಲಿತಿದೆ ಎಂದು ಹೋಲಿಸಿ ನೋಡುತ್ತಿದ್ದರು.

ನಾನು ಹೊರಡುವ ದಿನ ಅಕ್ಕ ನನಗೆ ಎರಡು ಮಾತು ಹೇಳಿದಳು. ಒಂದು, ಲಂಡನ್ನಿನಲ್ಲಿ ದಾರಿ ತಪ್ಪಿದರೆ ನದಿ ಹಿಡಿದು ನಡೆ, ಎಲ್ಲಿಗಾದರೂ ತಲುಪುತ್ತೀಯ. ಇನ್ನೊಂದು, "ಅಲ್ಲಿ ದೊಡ್ಡ ದೊಡ್ಡ ಡಾಕ್ಟ್ರುಗಳು ಸಿಕ್ತಾರಲ್ಲ, ಪೊರೆ ಬೇಗ ಬಲಿಯೋಕೆ ಏನಾದ್ರೂ ಔಷಧಿ ಇದೆಯಾ ಅಂತ ಕೇಳ್ಕೊಂಡು ಬಾರೇ. ಕಾದೂ ಕಾದೂ ಸಾಕಾಗಿದೆ."

ಮಿಸೆಸ್ ಕೋಲ್ ಅವರ ಫ್ರಿಜ್

ಸಾಹೇಬರಿಗೆ ಸಭೆಯವರು ಹೋಟೆಲ್ ಕೊಟ್ಟಿದ್ದರು. ನನಗೆ ಮಿಸೆಸ್ ಕೋಲ್ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ. ಎಂಬತ್ತರ ಹತ್ತಿರದ ಹೆಂಗಸು, ನಮ್ಮಕ್ಕನಿಗಿಂತ ಬಹಳ ದೊಡ್ಡವರು. ಬೆಳಿಗ್ಗೆ ಕಾರು ತಾವೇ ಓಡಿಸಿಕೊಂಡು ಹೋಗಿ ತರಕಾರಿ ತರುವರು, ಸಂಜೆ ಕನ್ನಡಕ ಏರಿಸಿ ಸೂಜಿಗೆ ದಾರ ಪೋಣಿಸುವರು. ಹೋದ ಮೊದಲ ದಿನವೇ ನನಗೆ ಅವರ ಮೇಲೆ ಹೊಟ್ಟೆಕಿಚ್ಚು ಶುರುವಾಗಿತ್ತು.

ಅವರ ಮನೆಯಲ್ಲಿ ಎಲ್ಲದಕ್ಕೂ ಒಂದು ಜಾಗ. ಒದ್ದೆ ಕೊಡೆಗೆ, ಒಣ ಕೊಡೆಗೆ ಬೇರೆ ಬೇರೆ. ನಾನು ಕೇಳದೆ, ಊರಿಂದ ತಂದಿದ್ದ ಗೊಜ್ಜಿನ ಬಾಟಲಿಯನ್ನು ಫ್ರಿಜ್ಜಿನ ಬಾಗಿಲಿನಲ್ಲಿ ಇಟ್ಟುಬಿಟ್ಟೆ. ಮುಚ್ಚಳ ಸಡಿಲವಾಗಿತ್ತು. ಪುಳಿಯೋಗರೆ ಗೊಜ್ಜಿನ ಎಣ್ಣೆ ಸೋರಿ ಕೆಳಗಿದ್ದ ಪುಟ್ಟ ಪೆಟ್ಟಿಗೆಯ ಮೇಲೆಲ್ಲ ಇಳಿಯಿತು. ಅವರು ಪೆಟ್ಟಿಗೆಯನ್ನು ಎತ್ತಿ, ಒಳಗಿನ ಪುಟ್ಟ ಸೀಸೆಯನ್ನು ಎದೆಯ ಹತ್ತಿರ ಹಿಡಿದುಕೊಂಡು ಒರೆಸತೊಡಗಿದರು. ನಾನು ಕ್ಷಮೆ ಕೇಳುತ್ತಲೇ ಇದ್ದೆ. ಅವರ ಇಂಗ್ಲಿಷನ್ನು ನಮ್ಮ ಮಾತಿಗೆ ತಂದು ಹೇಳುತ್ತೇನೆ.

"ಬೆಣ್ಣೆ ಮೇಲೆ ಚೆಲ್ಲಿದ್ರೆ ಪರವಾಗಿರಲಿಲ್ಲ. ಇದು ನನ್ನ ಕಣ್ಣು."

ಅದು ಗ್ಲಾಕೋಮಾಗೆ ಹಾಕುವ ಹನಿ. ಕಣ್ಣಿನ ಒಳಗಿನ ಒತ್ತಡ ಏರಿ, ನೋವಿಲ್ಲದೆ, ಸದ್ದಿಲ್ಲದೆ ನರವನ್ನು ತಿನ್ನುವ ರೋಗ. ಈ ಹೆಸರನ್ನು ನಾನು ಕಚೇರಿಯ ಕಾಗದಗಳಲ್ಲಿ ಎಷ್ಟೋ ಸಲ ಟೈಪು ಮಾಡಿಸಿದ್ದೆ, "ಇತರೆ" ಎಂಬ ತಲೆಬರಹದ ಕೆಳಗೆ. ಶುರುವಿನಲ್ಲಿ ಹೇಗಾಗಿತ್ತು ನಿಮಗೆ ಎಂದು ಸುಮ್ಮನೆ, ಮಾತಿಗೆ ಕೇಳಿದೆ.

"ಏನೂ ಆಗಲಿಲ್ಲ, ಅದೇ ಅದರ ಮೋಸ. ಎದುರಿಗಿದ್ದದ್ದು ಚೆನ್ನಾಗೇ ಕಾಣ್ತಿತ್ತು. ಬಾಗಿಲಿಗೆ ಭುಜ ಬಡಿಸ್ಕೊಳ್ತಿದ್ದೆ, ಪಕ್ಕದಲ್ಲಿಟ್ಟ ಕಪ್ ಬೀಳಿಸ್ತಿದ್ದೆ. ನಮ್ಮೆಜಮಾನರು ನೋಡ್ಕೊಂಡು ಓಡಾಡು ಅಂತ ಬೈಯೋರು."

ಅದನ್ನೇ ಇನ್ನೊಮ್ಮೆ ಹೇಳಿ ಎಂದೆ.

"ನಿಮ್ಮನೇಲಿ ಯಾರಿಗಾದ್ರೂ ಇದೆಯಾ?" ಎಂದು ಕೇಳಿದರು. ಅಕ್ಕನಿಗೆ ಇರಬಹುದು ಎಂದೆ. ಅವರು ಸೀಸೆಯನ್ನು ಜಾಗಕ್ಕಿಟ್ಟು, ಫ್ರಿಜ್ ಮುಚ್ಚಿ, ನನ್ನ ಕಡೆ ತಿರುಗಿದರು. "ಒಡಹುಟ್ಟಿದವರಿಗೂ ಬರುತ್ತೆ. ನೀನು ತೋರಿಸ್ಕೊಂಡಿದೀಯಾ? ಇಲ್ವಾ? ನಾಳೆ ಬೆಳಿಗ್ಗೆ ನನ್ನ ಜೊತೆ ಬಾ."

ಪೇಟೆಬೀದಿ

ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ ಎಂದುಕೊಂಡಿದ್ದೆ. ಕರೆದುಕೊಂಡು ಹೋದದ್ದು ಕನ್ನಡಕದ ಅಂಗಡಿಗೆ. ಒಂದು ಕಡೆ ಬೇಕರಿ, ಇನ್ನೊಂದು ಕಡೆ ಚಪ್ಪಲಿ ಅಂಗಡಿ. ಒಳಗೆ ಒಬ್ಬಳು ಹುಡುಗಿ ನನ್ನ ಗಲ್ಲವನ್ನು ಯಂತ್ರವೊಂದರ ಮೇಲೆ ಇರಿಸಿ, ಅಲುಗಾಡಬೇಡಿ ಎಂದಳು. ಕಣ್ಣಿಗೆ ಉಫ್ ಎಂದು ಗಾಳಿ ಬಡಿಯಿತು. ನಾನು ಕಿರುಚಿದ ಸದ್ದಿಗೆ ಫ್ರೇಮ್ ಆರಿಸುತ್ತಿದ್ದ ಗಂಡಸೊಬ್ಬ ಕೈಯಲ್ಲಿದ್ದ ಕನ್ನಡಕ ಬೀಳಿಸಿದ. ಇನ್ನೊಂದು ಕಣ್ಣಿಗೂ ಉಫ್. ಮುಗಿಯಿತು.

"ನಾರ್ಮಲ್ ಇದೆ. ಆದರೂ ವರ್ಷಕ್ಕೊಂದು ಸಲ ಬನ್ನಿ, ಅಕ್ಕನಿಗಿದೆ ಅಂತೀರಲ್ಲ" ಎಂದಳು ಆ ಹುಡುಗಿ.

ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಊದುಬತ್ತಿ ಆರಿಸುವಷ್ಟು ಗಾಳಿ. ಆ ಯಂತ್ರ ಕೊಳ್ಳಲು ಆಗದಿದ್ದರೆ ಡಾಕ್ಟರ ಪೆಟ್ಟಿಗೆಯಲ್ಲಿ ಹಿಡಿಯುವ, ಕಣ್ಣಿನ ಮೇಲೆ ಇಟ್ಟು ಒತ್ತಡ ನೋಡುವ ಸಣ್ಣ ಉಪಕರಣ ನಮ್ಮ ಊರಿನಲ್ಲೂ ಇದೆ. ಅಂದು ಕಲ್ಯಾಣ ಮಂಟಪದಲ್ಲಿ ಫೋಟೋಗ್ರಾಫರು ಇದ್ದರು, ಶಾಮಿಯಾನ ಇತ್ತು, ಮಂತ್ರಿಗಳಿಗೆ ಮೈಸೂರು ಪೇಟ ಇತ್ತು. ಅದೊಂದು ಇರಲಿಲ್ಲ. ಇಲ್ಲಿ ಬ್ರೆಡ್ಡು ತರಲು ಹೋದವರು ಕಣ್ಣಿನ ಒತ್ತಡವನ್ನೂ ನೋಡಿಸಿಕೊಂಡು ಬರುತ್ತಾರೆ.

ಅಂಗಡಿಯ ಎದುರಿಗೇ ಕೆಂಪು ಟೆಲಿಫೋನ್ ಡಬ್ಬಿ ಇತ್ತು. ಮನೆಗೆ ಮಾಡಿದೆ.

"ಅಕ್ಕಾ, ಈಗಲೇ ಒಂದು ಆಟೋ ಹಿಡಿದು ಕಣ್ಣಾಸ್ಪತ್ರೆಗೆ ಹೋಗು. ಕಣ್ಣಿನ ಪ್ರೆಷರ್ ನೋಡಿ ಅಂತ ಹೇಳು. ಅದು ಪೊರೆ ಅಲ್ಲದೇ ಇರಬಹುದು."

"ಐಎಸ್‌ಡಿ ಮಾಡಿ ಇದನ್ನ ಹೇಳ್ತೀಯಾ? ಕ್ಯಾಂಪಲ್ಲಿ ಡಾಕ್ಟ್ರೇ ನೋಡಿ ಪೊರೆ ಅಂದಿದಾರೆ."

"ಟಾರ್ಚಲ್ಲಿ ನೋಡಿದಾರೆ ಅಷ್ಟೇ! ಪದ್ಮಾವತಮ್ಮನ್ನ ಕರ್ಕೊಂಡಾದ್ರೂ ಹೋಗೇ."

"ಆಯ್ತು ಬಿಡು, ನೀನು ಬಂದ್ಮೇಲೆ ಹೋಗೋಣ. ಒಬ್ಬಳೇ ರಸ್ತೆ ದಾಟೋಕೆ ಈಗೀಗ ಭಯ ಆಗುತ್ತೆ. ಥೇಮ್ಸ್ ನೋಡಿದ್ಯಾ? ಅಂದಹಾಗೆ ಎಡಗಣ್ಣೂ ಸ್ವಲ್ಪ ಮಬ್ಬಾಗ್ತಿದೆ ಕಣೇ, ಅದೂ ಬಲೀತಾ ಇರ್ಬೇಕು. ಎರಡೂ ಒಟ್ಟಿಗೇ ಮಾಡಿಸ್ಕೊಂಡ್ಬಿಡ್ತೀನಿ."

ಅವಳ ದನಿಯಲ್ಲಿ ಸಂಭ್ರಮವಿತ್ತು. ಲೈನ್ ಕಟ್ಟಾಯಿತು. ಮಿಸೆಸ್ ಕೋಲ್ ಬ್ರೆಡ್ಡಿನ ಚೀಲ ಹಿಡಿದು ಹೊರಗೆ ನಿಂತು, ಡಬ್ಬಿಯ ಬಾಗಿಲನ್ನು ನನಗಾಗಿ ತೆರೆದು ಹಿಡಿದರು.

ಸಭಾಂಗಣ

ಸಭೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಎಲ್ಲ ದೇಶಗಳ ಅಧಿಕಾರಿಗಳೂ ಒಂದೇ ಜಾತಿ. ಎಲ್ಲರೂ ನೀರಿನ ಲೋಟವನ್ನು ಮುಂದೆ ಇಟ್ಟುಕೊಳ್ಳುತ್ತಾರೆ, ಯಾರೂ ಕುಡಿಯುವುದಿಲ್ಲ. "ತಡೆಯಬಹುದಾದ ಕುರುಡುತನ" ಎಂಬ ಮಾತನ್ನು ಬೆಳಗಿನಿಂದ ಎಷ್ಟು ಸಲ ಕೇಳಿದೆನೋ. ಆ ಮಾತು ಬಂದಾಗಲೆಲ್ಲ ಏಳನೇ ಬ್ಲಾಕಿನ ಮಹಡಿ ಮೆಟ್ಟಿಲನ್ನು ಗೋಡೆ ಸವರಿಕೊಂಡು ಇಳಿಯುವ ಅಕ್ಕ ಕಣ್ಣ ಮುಂದೆ ಬರುತ್ತಿದ್ದಳು.

ಮಧ್ಯಾಹ್ನ ನಮ್ಮ ಸಾಹೇಬರ ಸರದಿ. ದೀಪ ಆರಿಸಿದರು. ನಾನು ಪ್ರೊಜೆಕ್ಟರಿನ ಪಕ್ಕ ನಿಂತು, ಅವರು ತಲೆ ಆಡಿಸಿದಂತೆ ಸ್ಲೈಡ್ ಬದಲಿಸುತ್ತ ಹೋದೆ. ಏರುತ್ತ ಹೋಗುವ ಕಂಬಗಳು, ಅಂಕಿಗಳು. ಅಂಕಿಗಳೆಲ್ಲ ನಾನೇ ಕೂಡಿಸಿದವು. ಸಾಹೇಬರು ಮಾತಾಡಿದ್ದು ಚೆನ್ನಾಗಿಯೇ ಇತ್ತು, ಕೆಟ್ಟ ಮನುಷ್ಯರಲ್ಲ ಅವರು. "ಈಗ ನಮ್ಮ ಮಾದರಿ ಶಿಬಿರ" ಎಂದರು. ಫೋಟೋಗಳ ಪೆಟ್ಟಿಗೆಯನ್ನು ಅವರೇ ಜೋಡಿಸಿಕೊಂಡು ಬಂದಿದ್ದರು, ನಾನು ನೋಡಿರಲಿಲ್ಲ. ಗುಂಡಿ ಒತ್ತಿದೆ.

ಗೋಡೆಯ ತುಂಬ ನಮ್ಮಕ್ಕ.

ಕಲ್ಯಾಣ ಮಂಟಪದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮೊದಲನೆಯ ಸಾಲಿನಲ್ಲಿ, ಕಂದು ಅಂಚಿನ ಹಸಿರು ಸೀರೆ ಉಟ್ಟು ಕೂತಿದ್ದಾಳೆ. ಅಕ್ಕಪಕ್ಕದವರ ಹಣೆಯಲ್ಲೆಲ್ಲ ಪ್ಲಾಸ್ಟರು, ಅವಳ ಹಣೆಯಲ್ಲಿ ಬರೀ ಕುಂಕುಮ. ಕೈಯಲ್ಲಿ ಬಾಳೆಹಣ್ಣು. ಬಾಯಿ ತುಂಬ ನಗು. ಸಭೆಯಲ್ಲಿ ಯಾರೋ ಆಹಾ ಎಂದರು, ಚಪ್ಪಾಳೆ ಬಿತ್ತು. ಸಾಹೇಬರು ತಲೆ ಆಡಿಸಿದರು, ಮುಂದಿನದು ಎಂದು. ನಾನು ಒತ್ತಲಿಲ್ಲ.

"ಸರೋಜಾ ಅವರೇ, ಮುಂದಿನದು ಹಾಕಿ" ಎಂದು ಕನ್ನಡದಲ್ಲಿ ಮೆಲ್ಲಗೆ ಹೇಳಿದರು.

"ಇದು ನಮ್ಮಕ್ಕ ಸಾರ್" ಎಂದೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದೆ. ನನ್ನ ಇಂಗ್ಲಿಷ್ ಕಚೇರಿಯ ಇಂಗ್ಲಿಷ್, ಭಾವನೆಗೆ ಒದಗುವಂಥದ್ದಲ್ಲ. ಈ ಫೋಟೋದಲ್ಲಿರುವ ಹೆಂಗಸಿಗೆ ಟಾರ್ಚ್ ಬಿಟ್ಟು ನೋಡಿ ಬಲಿಯಲಿ ಎಂದು ಕಳಿಸಿದರು, ಅವಳ ಕಣ್ಣಿನ ಒತ್ತಡ ಯಾರೂ ನೋಡಲಿಲ್ಲ, ಅವಳಿಗೆ ಗ್ಲಾಕೋಮಾ ಇರಬೇಕು, ಎರಡು ವರ್ಷದಿಂದ ಅವಳು ಕುರುಡಾಗುವುದನ್ನೇ ಗುಣವಾಗುವ ದಾರಿ ಎಂದುಕೊಂಡು ಖುಷಿಪಡುತ್ತಿದ್ದಾಳೆ ಎಂದೆ. ಅಧ್ಯಕ್ಷರು ಕೆಮ್ಮಿ, ಮನಸ್ಸು ಕಲಕುವ ಅನುಭವವನ್ನು ಹಂಚಿಕೊಂಡಿದ್ದಕ್ಕೆ ನನಗೆ ಧನ್ಯವಾದ ಹೇಳಿದರು. ಆಮೇಲೆ ಎಲ್ಲರನ್ನೂ ಚಹಾಕ್ಕೆ ಎಬ್ಬಿಸಿದರು.

ಚಹಾದ ಹೊತ್ತಿನಲ್ಲಿ ನನ್ನ ಹತ್ತಿರ ಬಂದವರು ಒಬ್ಬರೇ, ಘಾನಾ ದೇಶದ ಕಣ್ಣಿನ ಡಾಕ್ಟರು, ದಪ್ಪ ಹೆಂಗಸು. ಅಕ್ಕ ಕಳಿಸಿದ ಪ್ರಶ್ನೆಯನ್ನು ಅವರಿಗೆ ಕೇಳಿಬಿಟ್ಟೆ, ಬೇಗ ಬಲಿಯಲು ಔಷಧಿ ಇದೆಯೇ ಎಂದು. ಅವರು ನಗಲಿಲ್ಲ. "ನಮ್ಮೂರಲ್ಲೂ ಹೀಗೇ ಕಾಯ್ತಾರೆ. ಹೋದದ್ದು ಬರಲ್ಲಮ್ಮ. ಉಳಿದದ್ದನ್ನ ಹನಿ ಹಾಕಿ ಉಳಿಸ್ಕೋಬಹುದು. ಎಷ್ಟು ಬೇಗ ಅಷ್ಟು. ನಿಮ್ಮ ಊರಲ್ಲೇ ಒಳ್ಳೊಳ್ಳೆ ಡಾಕ್ಟ್ರು ಇದಾರಲ್ಲ?"

ಇದ್ದಾರೆ. ನಮ್ಮ ಮನೆಯಿಂದ ಆಟೋದಲ್ಲಿ ಮಿನಿಮಮ್ ಚಾರ್ಜಿನ ದೂರದಲ್ಲಿ. ಅದನ್ನು ಕೇಳಿಸಿಕೊಳ್ಳಲು ನಾನು ಸಮುದ್ರ ದಾಟಿ ಬಂದಿದ್ದೆ.

ಚಹಾ ಮುಗಿದ ಮೇಲೆ ಆಕೆಯೇ ಎದ್ದು ನಿಂತು, ನಲವತ್ತು ದಾಟಿದ ಯಾರನ್ನೂ ಕಣ್ಣಿನ ಒತ್ತಡ ನೋಡದೆ ಶಿಬಿರದಿಂದ ವಾಪಸು ಕಳಿಸಬಾರದು ಎಂಬ ಒಂದು ವಾಕ್ಯವನ್ನು ನಮ್ಮ ದೇಶದ ಕರಡಿಗೆ ಸೇರಿಸಬೇಕೆಂದು ಸೂಚಿಸಿದರು. ಸಾಹೇಬರು ಆಗಲಿ ಎಂದರು. ಸಂಜೆ ಹಂಚಿದ ಪ್ರತಿಯಲ್ಲಿ ಆ ವಾಕ್ಯ ಇತ್ತು. ಕಚೇರಿಯ ಭಾಷೆಯಲ್ಲಿ ಬರೆದ ವಾಕ್ಯವೊಂದನ್ನು ನೋಡಿ ನಾನು ಅತ್ತದ್ದು ಅದೊಂದೇ ಸಲ.

ನದಿಯ ದಂಡೆ

ಆ ಸಂಜೆ ಸಂತೋಷಕ್ಕೆ ಬಸ್ಸು ಬಿಟ್ಟು ನಡೆದು ಹೊರಟೆ, ದಾರಿ ತಪ್ಪಿದೆ. ಅಕ್ಕ ಹೇಳಿದಂತೆ ನದಿ ಹಿಡಿದೆ. ಅವಳು ಬೋರ್ಡಿನ ಮೇಲೆ ಎಳೆಯುತ್ತಿದ್ದ ಥೇಮ್ಸ್ ಒಂದು ನೀಟಾದ ನೀಲಿ ಗೀಟು. ನಿಜವಾದದ್ದು ಮಣ್ಣಿನ ಬಣ್ಣದ್ದು, ಸುತ್ತಿ ಸುತ್ತಿ ಬಳಸುವಂಥದ್ದು. ಬಹಳ ಹೊತ್ತು ನಡೆದ ಮೇಲೆ, ಆಗಲೇ ದಾಟಿದ್ದ ಸೇತುವೆ ಎದುರಿಗೆ ಕಂಡಿತು. ದಂಡೆಯ ಮೇಲೆ ನಾಯಿ ಹಿಡಿದು ನಿಂತಿದ್ದ ಮುದುಕನೊಬ್ಬನನ್ನು ಕೇಳಿದೆ. ಅವನು ತೀರ ವಿನಯದಿಂದ, ಕ್ಷಮೆ ಕೇಳುತ್ತ ಕೇಳುತ್ತ, ನಾನು ಬಂದ ದಾರಿಯನ್ನೇ ತೋರಿಸಿದ. ಅಲ್ಲಿ ಎಲ್ಲರೂ ಎಲ್ಲದಕ್ಕೂ ಕ್ಷಮೆ ಕೇಳುತ್ತಾರೆ. ನಮ್ಮಲ್ಲಿ ಕಾಲು ತುಳಿದವನೇ ತಿರುಗಿ ದಬಾಯಿಸುತ್ತಾನೆ. ಯಾವುದು ವಾಸಿ ಎಂದು ನಾನು ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ಕೊನೆಯ ದಿನ

ಬೆಳಿಗ್ಗೆ ಅಂತಿಮ ಪ್ರತಿ ಹಂಚಿದರು. ಪುಟ ತಿರುಗಿಸಿದೆ. ಆ ವಾಕ್ಯ ಇರಲಿಲ್ಲ. ಬೆರಳಿಟ್ಟುಕೊಂಡು ಮತ್ತೆ ಮೊದಲಿನಿಂದ ಓದಿದೆ. ಇರಲಿಲ್ಲ.

ಸಾಹೇಬರು ವರಾಂಡದಲ್ಲಿ ಕೋಟು ಹಾಕಿಕೊಳ್ಳುತ್ತಿದ್ದರು. ಕೇಳಿದೆ.

"ನಾನೇ ತೆಗೆಸಿದೆ" ಎಂದರು. ಮುಚ್ಚಿಡುವ ಜಾತಿಯವರಲ್ಲ. "ನೋಡಿ ಸರೋಜಾ ಅವರೇ, ನಿಮ್ಮಕ್ಕನ ವಿಷಯ ನನಗೆ ನಿಜವಾಗ್ಲೂ ಬೇಜಾರಾಯ್ತು. ಊರಿಗೆ ಹೋದ ತಕ್ಷಣ ನಾನೇ ಒಳ್ಳೆ ಡಾಕ್ಟ್ರಿಗೆ ಹೇಳಿ ಕಳಿಸ್ತೀನಿ. ಆದ್ರೆ ಪ್ಲಾನ್ ಬೇರೆ. ಗ್ಲಾಕೋಮಾದವರನ್ನ ಹುಡುಕಿದ್ರೆ ಸಿಗ್ತಾರೆ. ಸಿಕ್ಕಿದ್ರೆ ಸಾಯೋವರೆಗೂ ಔಷಧಿ ಕೊಡ್ಬೇಕು. ಎಲ್ಲಿಂದ ತರೋಣ? ಪೊರೆ ಹಾಗಲ್ಲ. ತೆಗೆದ್ವಿ, ಎಣಿಸಿದ್ವಿ, ಮುಗೀತು."

"ಹುಡುಕದೇ ಇದ್ರೆ ಅವರು ಇರಲ್ವಾ ಸಾರ್?"

"ಇರ್ತಾರೆ. ಪ್ಲಾನಲ್ಲಿ ಇರಲ್ಲ" ಎಂದು ಕೊಡೆ ತೆಗೆದುಕೊಂಡರು. ವಿಮಾನದಲ್ಲಿ ಅವರು ಪಕ್ಕದ ಸೀಟಿನಲ್ಲೇ ಕೂತಿದ್ದರು. ಬೆಂಗಳೂರಿನವರೆಗೂ ನಾನು ಕಣ್ಣು ಮುಚ್ಚಿಕೊಂಡಿದ್ದೆ, ನಿದ್ದೆ ಮಾತ್ರ ಬರಲಿಲ್ಲ.

ಮತ್ತೆ ಜಯನಗರ

ಪೆಟ್ಟಿಗೆ ಬಿಚ್ಚುವ ಮೊದಲೇ ಅಕ್ಕನನ್ನು ಆಟೋ ಹತ್ತಿಸಿದೆ. ಸಾಹೇಬರ ಚೀಟಿ ಬೇಕಾಗಲಿಲ್ಲ. ಚಿಕ್ಕ ವಯಸ್ಸಿನ ಡಾಕ್ಟರು, ಯಂತ್ರದಲ್ಲಿ ಬಹಳ ಹೊತ್ತು ನೋಡಿದರು, ನನ್ನನ್ನು ಹೊರಗೆ ಕರೆದು ಹೇಳಿದರು. ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿನಲ್ಲಿ ನಡುವೆ ಸ್ವಲ್ಪ ಉಳಿದಿದೆ, ಬಾಗಿಲ ಸಂದಿಯಿಂದ ನೋಡುವಷ್ಟು. ಹನಿ ಹಾಕಿದರೆ ಅದು ಉಳಿಯಬಹುದು. ಪೊರೆಯೂ ಇದೆ, ಆದರೆ ಕಣ್ಣು ಹೋದದ್ದು ಅದರಿಂದಲ್ಲ. ಎರಡು ವರ್ಷ ಮೊದಲು ಬಂದಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಅಕ್ಕನಿಗೆ ನಾನೇ ಹೇಳಿದೆ. ಅವಳು ಅಳಲಿಲ್ಲ. "ಹಾಗಾದ್ರೆ ನಾನು ಕಾದಿದ್ದು ಏನನ್ನ?" ಎಂದು ಮಾತ್ರ ಕೇಳಿದಳು.

ಪದ್ಮಾವತಮ್ಮನವರನ್ನೂ ಕರೆದೆವು, ಬನ್ನಿ ತೋರಿಸೋಣ ಎಂದು. "ಅಯ್ಯೋ, ನಂದು ಬರೀ ಪೊರೆ ಕಣ್ರೀ. ಕ್ಯಾಂಪಲ್ಲಿ ಹೇಳಿದಾರಲ್ಲ, ಬಲೀತಾ ಇದೆ" ಎಂದು ನಕ್ಕು ಹೋದರು. ಅಕ್ಕ ಅವರ ಹಿಂದೆಯೇ ಮೆಟ್ಟಿಲಿನವರೆಗೂ ಹೋಗಿ ಕೂಗಿದಳು. ಅವರು ಬರಲಿಲ್ಲ.

ಕೆಲವು ತಿಂಗಳಾದ ಮೇಲೆ ದೇಶದ ಹೊಸ ಯೋಜನೆ ಪುಸ್ತಕವಾಗಿ ಬಂತು. ನುಣುಪು ಕಾಗದ, ಬಣ್ಣದ ರಕ್ಷಾಪುಟ. ಕಚೇರಿಯಲ್ಲಿ ಎಲ್ಲರಿಗೂ ಒಂದೊಂದು ಕೊಟ್ಟರು. ನಾನು ಅದನ್ನು ಮನೆಗೆ ತರಬಾರದಿತ್ತೇನೋ. ಮೇಜಿನ ಮೇಲೆ ಇಟ್ಟಿದ್ದೆ. ರಾತ್ರಿ ಹನಿ ಹಾಕಿಸಿಕೊಳ್ಳಲು ಬಂದ ಅಕ್ಕನ ಕೈಗೆ ತಗುಲಿತು. ಎತ್ತಿಕೊಂಡು ಅಂಗೈಯಿಂದ ಸವರಿದಳು.

"ಎಷ್ಟು ನುಣುಪಾಗಿದೆ! ಮೇಲೆ ಏನು ಚಿತ್ರ ಹಾಕಿದಾರೆ?"

ಸುಳ್ಳು ಹೇಳೋಣ ಎನ್ನಿಸಿತು. ಬಾಯಿಗೆ ಬರಲಿಲ್ಲ. "ನೀನೇ. ಕ್ಯಾಂಪಲ್ಲಿ ತೆಗೆದದ್ದು" ಎಂದೆ.

ಅಕ್ಕ ಪುಸ್ತಕವನ್ನು ಎಡಗಣ್ಣಿನ ಹತ್ತಿರ ಹಿಡಿದು, ಅತ್ತ ಇತ್ತ ಸರಿಸಿ, ತನ್ನನ್ನೇ ತುಂಡು ತುಂಡಾಗಿ ಹುಡುಕಿದಳು. ಸೀರೆಯ ಅಂಚು ಸಿಕ್ಕಿತು, ಬಾಳೆಹಣ್ಣು ಸಿಕ್ಕಿತು, ಮುಖ ಸಿಗಲಿಲ್ಲ.

"ಹೇಗಿದೀನೇ?"

"ನಗ್ತಾ ಇದೀಯ."

"ಹೌದು" ಎಂದಳು, ಪುಸ್ತಕ ಕೆಳಗಿಟ್ಟು, ಹನಿಗೆ ತಲೆ ಹಿಂದಕ್ಕೆ ಬಾಗಿಸಿ. "ಅವತ್ತು ತುಂಬ ಖುಷಿಯಾಗಿತ್ತು ಕಣೇ. ಬರೀ ಪೊರೆ ಅಂದಿದ್ರಲ್ಲ."